ಜೂನ್ ಒಂದರ ಲಾಲಪ್ಪ

ಹಣೆಬರಹ ಬರೆಯುವವನು ಬ್ರಹ್ಮನೆಂದು ಹಿರಿಯರು ಹೇಳುತ್ತಾರೆ. ನಾನು ಮುಖ್ಯೋಪಾಧ್ಯಾಯನಾಗಿದ್ದ ಊರಿನಲ್ಲಿ ಆ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿದವನು ಶಾಲೆಯ ಜವಾನ ಲಾಲಪ್ಪ. ಬ್ರಹ್ಮನ ಬರಹವನ್ನು ಓದಿದವರಿಲ್ಲ. ಲಾಲಪ್ಪನದು ನೀಲಿ ಶಾಯಿಯಲ್ಲಿ, ಅಚ್ಚು ಹೊಡೆದಂತೆ ಇರುತ್ತಿತ್ತು.

ಬಸವಕಲ್ಯಾಣದಿಂದ ನಾರಾಯಣಪುರದ ಕಡೆಗೆ ಹೋಗುವ ಹಾದಿಯಲ್ಲಿ ಒಳಗೆ ತಿರುಗಿದರೆ ಆ ಊರು ಸಿಗುತ್ತದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಕೆಲವು ಮರ್ಯಾದಸ್ಥರು ನಾಳೆಯೇ ನಿವೃತ್ತರಾಗಬೇಕಾದೀತು.

ದಾಖಲಾತಿ ಪುಸ್ತಕವನ್ನು ಬರೆಯಬೇಕಾದವನು ಮುಖ್ಯೋಪಾಧ್ಯಾಯ. ಆದರೆ ನನ್ನ ಅಕ್ಷರ ಕೋಳಿ ಕೆದರಿದ ತಿಪ್ಪೆ. ನನಗಿಂತ ಹಿಂದಿನವರದು ಕೋಳಿಯೂ ಒಪ್ಪದಂಥದು. ಏಳನೆಯ ತರಗತಿಯವರೆಗೆ ಮಾತ್ರ ಓದಿದ ಲಾಲಪ್ಪನ ಅಕ್ಷರ ಮುತ್ತು. ಹೀಗಾಗಿ ಬರೆಯುವುದು ಅವನ ಪಾಲಿಗೆ, ಸಹಿ ಹಾಕುವುದು ನಮ್ಮ ಪಾಲಿಗೆ ಬಂದಿತ್ತು.

ಜೂನ್ ತಿಂಗಳು ಬಂದರೆ ತಾಯಂದಿರು ಮಕ್ಕಳ ಮೂಗು ಒರೆಸುತ್ತ ಬಂದು ನಿಲ್ಲುತ್ತಿದ್ದರು. ಲಾಲಪ್ಪ ಗಂಭೀರವಾಗಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ.

"ಯಾವಾಗ ಹುಟ್ಯಾನವ್ವಾ ಇಂವ?"

"ನಮ್ಮ ಎಮ್ಮಿ ಸತ್ತ ವರ್ಷ್ರಿ."

"ಎಮ್ಮಿ ಯಾವಾಗ ಸತ್ತದ?"

"ಇಂವ ಹುಟ್ಟಿದ ವರ್ಷ ನೋಡ್ರಿ."

ಇದಕ್ಕಿಂತ ಖಚಿತವಾದ ಮಾಹಿತಿ ಸಿಗುತ್ತಿರಲಿಲ್ಲ. ಆಗ ಲಾಲಪ್ಪ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಕಿವಿಯ ಪರೀಕ್ಷೆ ಮಾಡುತ್ತಿದ್ದ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿದಂತೆ. ಮುಟ್ಟದಿದ್ದರೆ ಮುಂದಿನ ವರ್ಷ ಬರಬೇಕು. ಕಿವಿ ಮುಟ್ಟಿದ ಪ್ರತಿಯೊಂದು ಮಗುವೂ ಜೂನ್ ಒಂದನೆಯ ತಾರೀಖಿಗೆ ಹುಟ್ಟುತ್ತಿತ್ತು. ಶಾಲೆ ಶುರುವಾಗುವುದು ಜೂನಿನಲ್ಲಿ. ಲೆಕ್ಕ ಹಿಡಿಯಲು ಸುಲಭ. ನಮ್ಮ ಕಡೆ ಐವತ್ತು ದಾಟಿದವರನ್ನು ಕೇಳಿ ನೋಡಿ, ನೂರಕ್ಕೆ ಎಂಬತ್ತು ಮಂದಿ ಜೂನ್ ಒಂದರವರು. ನಾನೂ ಅವರಲ್ಲೊಬ್ಬ, ಬೇರೆ ಊರಿನ ಬೇರೊಬ್ಬ ಲಾಲಪ್ಪ ನನ್ನನ್ನು ಹುಟ್ಟಿಸಿದ.

ಇಸವಿಯ ವಿಷಯದಲ್ಲಿ ನಮ್ಮ ಲಾಲಪ್ಪ ಉದಾರಿ. "ಒಂದ ವರ್ಷ ಕಡಿಮಿ ಬರದೀನ್ರಿ ಸರ್. ನಾಳಿ ನೌಕ್ರಿಗಿ ಅರ್ಜಿ ಹಾಕಾಗ ಹುಡುಗಗ ಒಂದ ಚಾನ್ಸ್ ಜಾಸ್ತಿ ಸಿಗ್ತದ" ಎನ್ನುತ್ತಿದ್ದ. ನಾನು "ಹಾಗೆ ಮಾಡಬಾರದು ಲಾಲಪ್ಪ" ಎನ್ನುತ್ತಿದ್ದೆ ಮತ್ತು ಸಹಿ ಹಾಕುತ್ತಿದ್ದೆ. ಊರಿನ ದೊಡ್ಡ ಜಮೀನುದಾರ, ಧಾನ್ಯದ ವ್ಯಾಪಾರಿ ಮಹಾರುದ್ರಪ್ಪನವರ ಮಗ ವೀರಭದ್ರ ಸರಕಾರಿ ಗುಮಾಸ್ತನಾದದ್ದು ಹೀಗೆ ಉಳಿದ ಒಂದು ವರ್ಷದಲ್ಲಿ. ಅವನು ಆರು ಸಲ ಪರೀಕ್ಷೆ ಬರೆದ. ಏಳನೆಯದಕ್ಕೆ ಪಾಸಾದ.

ಊರಿನವರಿಗೆಲ್ಲ ವಯಸ್ಸು ಇಳಿಸಿದ ಲಾಲಪ್ಪ ಒಬ್ಬಳಿಗೆ ಮಾತ್ರ ಏರಿಸಿದ. ಅವಳು ಅವನ ಸ್ವಂತ ಮೊಮ್ಮಗಳು ವಿಶಾಖಾ.

ಲಾಲಪ್ಪನ ಮಗ ಸಂಘರತ್ನ ಹುಮನಾಬಾದದಲ್ಲಿ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಸೊಸೆ ರತ್ನಮಾಲಾ ಹೊಲದ ಕೆಲಸಕ್ಕೆ ಹೋಗುವವಳು. ನಾಲ್ಕೂವರೆ ವರ್ಷದ ವಿಶಾಖಾ ದಿನಾಲು ಅಜ್ಜನ ಧೋತರದ ಚುಂಗು ಹಿಡಿದು ಶಾಲೆಗೆ ಬಂದು ಗಂಟೆಯ ಕೆಳಗೆ ಕೂಡುತ್ತಿದ್ದಳು. ಒಂದನೆಯ ತರಗತಿಯವರು ತಪ್ಪು ಓದಿದರೆ ಹೊರಗಿನಿಂದಲೇ ತಿದ್ದುತ್ತಿದ್ದಳು. ಎರಡು ಸಾವಿರದ ಹದಿನೈದರ ಜೂನಿನಲ್ಲಿ ಲಾಲಪ್ಪ ಅವಳ ಹೆಸರನ್ನೂ ಪುಸ್ತಕದಲ್ಲಿ ಬರೆದ. ಅವನ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ತಾನಿರುವಾಗಲೇ ಮೊಮ್ಮಗಳು ಹಾಜರಿ ಪುಸ್ತಕಕ್ಕೆ ಬರಲೆಂಬ ಆಸೆ. ಹುಟ್ಟಿದ ದಿನದ ಎದುರಿಗೆ ಒಂದು, ಆರು, ಎರಡು ಸಾವಿರದ ಒಂಬತ್ತು ಎಂದು ಬರೆದ. ನಾನು ಎಂದಿನಂತೆ ಸಹಿ ಹಾಕಿದೆ.

ಆ ಹುಡುಗಿ ನಮ್ಮ ಶಾಲೆ ಮುಗಿಸಿ ಹುಮನಾಬಾದದ ಒಂದು ವಸತಿ ಶಾಲೆಗೆ ಸೇರಿದಳು. ಅಲ್ಲಿಯ ವಿಜ್ಞಾನದ ಶಿಕ್ಷಕಿ ಸಮ್ರೀನ ಇವಳ ಕೈಗೆ ಒಂದು ಅರ್ಜಿ ಕೊಟ್ಟಳು. ಐರ್ಲೆಂಡ್ ದೇಶದ ಸಮುದ್ರದ ದಂಡೆಯ ಮೇಲಿನ ಒಂದು ಹೈಸ್ಕೂಲು ಹೊರದೇಶದ ಕೆಲವು ಮಕ್ಕಳನ್ನು ತನ್ನ ಖರ್ಚಿನಲ್ಲೇ ಇರಿಸಿಕೊಂಡು ಮೂರು ವರ್ಷ ಓದಿಸಿ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಕಳಿಸುತ್ತದಂತೆ. ವಿಶಾಖಾ ಪರೀಕ್ಷೆ ಬರೆದಳು, ಕಂಪ್ಯೂಟರಿನ ಎದುರಿಗೆ ಕುಳಿತು ಮಾತಾಡಿದಳು. ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರವೇ ಅವಳಿಗೆ ಸೀಟು ಸಿಕ್ಕಿತು. ದಾಖಲೆಗಳನ್ನು ಪರಿಶೀಲಿಸುವುದೊಂದು ಬಾಕಿ.

ಸುದ್ದಿ ಕೇಳಿ ನಾನು ಪೇಢೆ ತೆಗೆದುಕೊಂಡು ಹೋದಾಗ ಲಾಲಪ್ಪನ ಮನೆಯ ಕಟ್ಟೆಯ ಮೇಲೆ ಆಗಲೇ ಪಂಚಾಯತಿ ನಡೆದಿತ್ತು. "ಜೈಭೀಮ್ ಸರ್, ಬರ್ರಿ" ಎಂದು ಲಾಲಪ್ಪ ಜಾಗ ಮಾಡಿಕೊಟ್ಟ. ಮಹಾರುದ್ರಪ್ಪನವರು ಮಾತಿನ ನಡುವೆ ಇದ್ದರು.

"ಏನವ್ವಾ ವಿಶಾಖಾ, ಪಿಯುಸಿ ಮಾಡಾಕ ಸಮುದ್ರ ದಾಟಬೇಕೇನು? ಹುಮನಾಬಾದ ದಾಟಿದ್ರ ಸಾಲೂದಿಲ್ಲ? ಎರಡ ವರ್ಷ ಇಲ್ಲೇ ಓದು. ಆಮ್ಯಾಲ ಡಿಗ್ರಿಗಿ ಬೇಕಾದ್ರ ಚಂದ್ರಲೋಕಕ್ಕ ಹೋಗು."

"ಕಾಕಾ, ಈಸು ಕಲಿಯಾವರು ಪೈಲೆ ನಡಮಟ್ಟ ನೀರಿಗಿ ಇಳೀಬೇಕೋ, ಒಮ್ಮಿಗೇ ಬಾವಿಗಿ ಜಿಗೀಬೇಕೋ?"

"ನಮ್ಮಪ್ಪ ನನಗ ಸೀದಾ ಬಾವಿಗೇ ನೂಕಿದ್ದ."

"ಹೌದ್ರಿ, ಅದಕ್ಕೇ ನಿಮಗ ಇವತ್ತಿಗೂ ಈಸು ಬರೂದಿಲ್ಲಂತ. ನಮ್ಮ ಆಯಿ ಹೇಳ್ತಾಳ."

ಆಯಿ, ಎಂದರೆ ಲಾಲಪ್ಪನ ಹೆಂಡತಿ ದ್ರೌಪತಿ, ಒಳಗಿನಿಂದ ಕೆಮ್ಮಿದಳು.

ವಿಶಾಖಾ ಬಿಡಲಿಲ್ಲ. "ಸೀದಾ ಡಿಗ್ರಿಗಿ ಹೋದವರು ಅಲ್ಲಿ ಮೊದಲನೇ ವರ್ಷ ಭಾಷಾಕ್ಕ ಅಳ್ತಾರ, ಊಟಕ್ಕ ಅಳ್ತಾರ, ಕಡೀಕ ಪಾಠಕ್ಕೂ ಅಳ್ತಾರ. ನಾ ಹೈಸ್ಕೂಲಿನಾಗೇ ಅತ್ತು ಮುಗಸ್ತೀನಿ. ಹೈಸ್ಕೂಲಿನಾಗ ಮಾಸ್ತರ್ರು ಬಾಜೂಕ ಕೂತು ತಿದ್ದತಾರ. ದೊಡ್ಡ ಕಾಲೇಜಿನಾಗ ಯಾರ ಕೂಡ್ತಾರ? ಮತ್ತ ಆ ದೇಶದ್ದೇ ಪರೀಕ್ಷಾ ಪಾಸಾದ್ರ ಅಲ್ಲಿ ಯೂನಿವರ್ಸಿಟಿಯವರು ನಿನ್ನ ಮಾರ್ಕ್ಸ್ ನಮಗ ತಿಳಿಯೂದಿಲ್ಲ ಅನ್ನಂಗಿಲ್ಲ. ಅವರದೇ ಮಾರ್ಕ್ಸ್ ಅವು."

"ಆಯ್ತು. ಏನ ಓದಾಕಿ ಅಲ್ಲಿ?"

"ಗಣಿತಾನೂ ಓದತೀನಿ, ಇತಿಹಾಸಾನೂ ಓದತೀನಿ. ಇಲ್ಲಿ ಸೈನ್ಸ್ ತೊಗೊಂಡ್ರ ಇತಿಹಾಸ ಬಿಡಬೇಕು. ಅಲ್ಲಿ ಏಳು ವಿಷಯ ಕೂಡೇ ನಡೀತಾವ."

"ಎರಡೂ ಯಾಕ ಬೇಕು ನಿನಗ?"

"ನಾರಾಯಣಪುರದ ಗುಡಿ ನೋಡೀರೇನ್ರಿ? ನೂರಾರ ವರ್ಷ ಆದ್ರೂ ನಿಂತದ. ಹೋದ ವರ್ಷ ಕಟ್ಟಿದ ನಿಮ್ಮ ಗೋದಾಮಿನ ಗ್ವಾಡಿ ಸೀಳ್ಯದ. ಯಾಕಂತ ತಿಳೀಬೇಕಾದ್ರ ಎರಡೂ ಬೇಕು."

ಮಹಾರುದ್ರಪ್ಪನವರು ಪೇಢೆಯೊಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ದ್ರೌಪತಿ ಚಹಾ ತಂದಿಟ್ಟು, "ಬಾಬಾಸಾಹೇಬರು ಹೊರದೇಶಕ್ಕ ಹೋಗಿ ಓದಿ ಬಂದ್ರು. ಅವರಿಗಿ ಯಾರರೆ ಹುಮನಾಬಾದಿನಾಗೇ ಓದು ಅಂದಿದ್ರೇನು?" ಎಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

ನಾನು ಮೂವತ್ತೇಳು ವರ್ಷ ಪಾಠ ಹೇಳಿದವನಾಗಿ ಒಂದು ಮಾತು ಒಪ್ಪಬೇಕು. ನಮ್ಮಲ್ಲಿ ಹದಿನಾರು ದಾಟಿದ ಮಗುವನ್ನು ಎರಡು ವರ್ಷ ಕೋಚಿಂಗಿನ ಖೋಲಿಯಲ್ಲಿ ತೊಗರಿಯ ಹಾಗೆ ನೆನೆಯಿಟ್ಟು, ಒಣಗಿಸಿ, ಬೀಸಿ ಬೇಳೆ ಮಾಡುತ್ತೇವೆ. ಬೇಳೆಗೆ ಒಳ್ಳೆಯ ದರ ಬರುತ್ತದೆ, ನಿಜ. ಆದರೆ ಅದನ್ನು ಬಿತ್ತಿದರೆ ಮೊಳೆಯುವುದಿಲ್ಲ. ಪ್ರಶ್ನೆ ಕೇಳುವ ಹುಡುಗಿ ಪ್ರಶ್ನೆ ಕೇಳುವುದನ್ನು ಮರೆಯುವ ಮೊದಲೇ ಎಲ್ಲಿಗಾದರೂ ಹೋಗಲಿ ಎನ್ನಿಸಿತು.

ಹತ್ತು ದಿನ ಕಳೆದಿರಬಹುದು. ಸಮ್ರೀನ ಫೋನ್ ಮಾಡಿದಳು. "ಸರ್, ಗಡಬಡ ಆಗ್ಯದ್ರಿ."

ಗಡಬಡ ಇದು. ವಿಶಾಖಾ ಹುಟ್ಟಿದ್ದು ಹುಮನಾಬಾದದ ಆಸ್ಪತ್ರೆಯಲ್ಲಿ. ರತ್ನಮಾಲಾ ಜನನ ಪ್ರಮಾಣಪತ್ರವನ್ನು ಟ್ರಂಕಿನಲ್ಲಿ ಸೀರೆಯ ಕೆಳಗೆ ಜೋಪಾನವಾಗಿ ಇಟ್ಟಿದ್ದಳು. ಅದನ್ನು ತೋರಿಸಿಯೇ ಪಾಸ್‌ಪೋರ್ಟ್ ಮಾಡಿಸಿದ್ದರು. ಅದರ ಪ್ರಕಾರ ಅವಳು ಹುಟ್ಟಿದ್ದು ಎರಡು ಸಾವಿರದ ಹತ್ತರ ನವೆಂಬರ್ ಹದಿನಾಲ್ಕು. ಹತ್ತನೆಯ ತರಗತಿಯ ಅಂಕಪಟ್ಟಿಯ ಪ್ರಕಾರ ಎರಡು ಸಾವಿರದ ಒಂಬತ್ತರ ಜೂನ್ ಒಂದು. ಎರಡೂ ಕಾಗದ ಐರ್ಲೆಂಡಿಗೆ ಹೋಗಿದ್ದವು. ಆ ಶಾಲೆಯ ನಿಯಮದಂತೆ ಸೆಪ್ಟೆಂಬರ್ ಒಂದಕ್ಕೆ ಹದಿನಾರು ತುಂಬಿರಬಾರದು. ಆಸ್ಪತ್ರೆಯ ವಿಶಾಖಾಳಿಗೆ ಸೀಟು ಉಂಟು. ಲಾಲಪ್ಪನ ವಿಶಾಖಾಳಿಗೆ ಇಲ್ಲ.

ಅವರು ಇನ್ನೂ ಒಂದನ್ನು ಗಮನಿಸಿದ್ದರು. ಅರ್ಜಿಯ ಜೊತೆಗಿದ್ದ ಕಾಗದಗಳಲ್ಲಿ ಅಂಕಪಟ್ಟಿಯ ಹುಡುಗಿ, ಅವಳ ತಂದೆ, ತಾಯಿ, ಅಜ್ಜ, ಶಿಫಾರಸು ಬರೆದ ನಾನು, ಐದೂ ಜನ ಜೂನ್ ಒಂದಕ್ಕೆ ಹುಟ್ಟಿದ್ದೆವು. ಇಂಥ ಕುಟುಂಬವನ್ನು ಅವರು ಕಂಡಿರಲಿಲ್ಲ. ಕಾಗದಗಳು ನಕಲಿ ಇರಬಹುದೆಂಬ ಸಂಶಯ ಬಂದಿತ್ತು. ಶಾಲೆಯ ಪುಸ್ತಕದಲ್ಲಿ ಆ ತಾರೀಖನ್ನು ಬರೆದವರು ಯಾರೋ ಅವರೇ ಎದುರಿಗೆ ಬಂದು ವಿವರಿಸಬೇಕು, ಕೈಬರಹದಲ್ಲಿ ಬರೆದೂ ಕೊಡಬೇಕು. ಶುಕ್ರವಾರದೊಳಗೆ ಆಗದಿದ್ದರೆ ಸೀಟು ಮುಂದಿನ ಮಗುವಿಗೆ.

ಅಂಕಪಟ್ಟಿಯ ತಾರೀಖನ್ನು ತಿದ್ದಿಸಬೇಕಾದರೆ ಕೋರ್ಟಿಗೆ ಹೋಗಬೇಕು. ಅಲ್ಲಿ ಒಂದು ತಾರೀಖು ಪಡೆಯಲು ಎಷ್ಟು ತಾರೀಖು ಬೇಕೆಂಬುದು ಹೋದವರಿಗೆ ಗೊತ್ತು. ಶುಕ್ರವಾರದ ಮಾತೇ ಇಲ್ಲ.

ನಾನು ಹೋದಾಗ ಲಾಲಪ್ಪ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಚಹಾ ಆರಿ ಕೆನೆಗಟ್ಟಿತ್ತು. ದ್ರೌಪತಿ ಅಂಗಳ ಗುಡಿಸುತ್ತ ಕಸಬರಿಗೆಗೆ ಹೇಳುವಂತೆ ಹೇಳುತ್ತಿದ್ದಳು: "ಊರ ಮಂದಿಗೆಲ್ಲ ಹುಟ್ಟಿದ ದಿನ ಹಂಚಿದ ದೊಡ್ಡ ಮನಸ್ಯಾ. ಸ್ವಂತ ಮೊಮ್ಮಗಳದ್ದು ಕೇಳ್ಬೇಕಂದ್ರ ಟ್ರಂಕ್ ತಗದು ನೋಡಾಕ ಬ್ಯಾನಿ."

"ಸರ್, ನನ್ನ ಅಕ್ಷರದಾಗ ಒಂದ ಕಾಟ್ ಇಲ್ಲ ಆ ಪುಸ್ತಕದಾಗ" ಎಂದ ಲಾಲಪ್ಪ. "ಮೂವತ್ತೊಂದ ವರ್ಷ. ಇನ್ಸ್‌ಪೆಕ್ಟರ್ ಸಾಹೇಬ್ರು ತೊಗೊಂಡ ಹೋಗಿ ಬ್ಯಾರೆ ಸಾಲಿಗಿ ತೋರಿಸ್ತಿದ್ರು. ಈಗ ನಾನೇ ಅದು ಸುಳ್ಳದ ಅಂತ ಬರದು ಕೊಡ್ಲೇನು?"

ಅಷ್ಟರಲ್ಲಿ ಮಹಾರುದ್ರಪ್ಪನವರು ಬಂದರು. ಬಿಸಿಲಿಗಲ್ಲದೆ ಬೇರೆ ಕಾರಣಕ್ಕೆ ಬೆವತಿದ್ದರು.

"ಲಾಲಪ್ಪಾ, ಏನೋ ಬರದು ಕೊಡಾಕ ಹೊಂಟೀದಿಯಂತ?"

"ವಿಚಾರ ಮಾಡಾಕತ್ತೇನ್ರಿ ಸಾವಕಾರ್ರೆ."

"ಮಾಡಬ್ಯಾಡ. ಕೌದಿಯಾಗಿಂದ ಒಂದ ದಾರ ಎಳದ್ರ ಇಡೀ ಕೌದಿ ಬಿಚ್ಚತದ. ಒಂದ ತಾರೀಖ್ ಸುಳ್ಳಂದ್ರ ಎಲ್ಲಾ ಸುಳ್ಳು ಅಂತಾರ. ನಮ್ಮ ವೀರಭದ್ರಂದು ಇನ್ನೂ ಹದಿನೈದ ವರ್ಷ ಸರ್ವಿಸ್ ಅದ. ಊರಾಗ ಅಂಥವರು ಎಷ್ಟ ಮಂದಿ ಇದ್ದಾರ, ನಿನಗ ಗೊತ್ತಿಲ್ಲೇನು?"

"ಮತ್ತ ಹುಡುಗಿ ಸೀಟ್?"

"ಅದಕ್ಕ ಫಿಕರ್ ಮಾಡಬ್ಯಾಡ. ನನಗ ಒಬ್ಬ ಕಂಪ್ಯೂಟರ್‌ನಂವ ಗೊತ್ತ. ಅಂಕಪಟ್ಟಿ ಮ್ಯಾಲಿನ ತಾರೀಖ್ ಎರಡ ಮಿನಿಟ್‌ನಾಗ ಬದಲಿ ಮಾಡಿ ಕೊಡ್ತಾನ. ಬಿಲ್ಕುಲ್ ಅಸಲಿ ಕಾಣ್ತದ."

ಲಾಲಪ್ಪ ಮೊದಲ ಸಲ ತಲೆ ಎತ್ತಿದ. ಮುಖದ ಮೇಲೆ ಮೊಮ್ಮಗಳ ಚಿಂತೆ ಹೋಗಿ ಕುಶಲಕರ್ಮಿಯ ಅವಮಾನ ಕಾಣಿಸಿತು. "ಸಾವಕಾರ್ರೆ, ನಾ ಸುಳ್ಳ ಬರದೀನಿ, ಖರೇ. ಕೈಲೆ ಬರದೀನಿ, ಪುಸ್ತಕದಾಗ ಬರದೀನಿ, ಸರ್ ಮುಂದ ಬರದೀನಿ. ಮಷೀನಿಲೆ ಕಳ್ಳತನ ಮಾಡಂವ ನಾ ಅಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ವಿಶಾಖಾ ಹೊರಗೆ ಬಂದು ಅಜ್ಜನ ಬಾಜೂಕೆ ಕೂತಳು. "ಮುತ್ಯಾ, ನಿನಗ ಮನಸಿಲ್ಲಂದ್ರ ಬ್ಯಾಡ. ಹುಮನಾಬಾದಿನಾಗೇ ಪಿಯುಸಿ ಮಾಡ್ತೀನಿ. ಗುಡಿ ಎಲ್ಲಿ ಓಡಿ ಹೋಗ್ತದ?"

ಅವಳು ಬೇಡಿಕೊಂಡಿದ್ದರೆ ಲಾಲಪ್ಪ ಇನ್ನೂ ಎರಡು ದಿನ ವಿಚಾರ ಮಾಡುತ್ತಿದ್ದನೇನೋ. ಬೇಡವೆಂದದ್ದಕ್ಕೆ ಎದ್ದು ಒಳಗೆ ಹೋಗಿ ನೀಲಿ ಶಾಯಿಯ ಪೆನ್ನು ಹುಡುಕಿದ.

ಗುರುವಾರ ಮಧ್ಯಾಹ್ನ ಸಂಘರತ್ನನ ಆಟೋದ ಹಿಂದೆ ಈರುಳ್ಳಿ ಚೀಲಗಳ ಮೇಲೆ ಕೂತು ನಾವಿಬ್ಬರೂ ಹುಮನಾಬಾದಕ್ಕೆ ಹೋದೆವು. ವಿಶಾಖಾ ಮುಂದೆ ಕೂತಿದ್ದಳು. ಲಾಲಪ್ಪ ನಿವೃತ್ತಿಯ ದಿನ ಶಾಲೆಯವರು ಹೊದಿಸಿದ ಶಾಲನ್ನು ಹಾಕಿಕೊಂಡಿದ್ದ. ಹೊರದೇಶದವರ ಎದುರಿಗೆ ಈರುಳ್ಳಿ ನಾರಬಾರದೆಂದು ಸಮ್ರೀನ ನಮ್ಮಿಬ್ಬರ ಮೇಲೂ ಅತ್ತರು ಸಿಂಪಡಿಸಿದಳು. ಆಮೇಲೆ ನಾವು ಈರುಳ್ಳಿ ಮತ್ತು ಅತ್ತರು ಎರಡನ್ನೂ ನಾರುತ್ತ ಕಂಪ್ಯೂಟರಿನ ಎದುರಿಗೆ ಕೂತೆವು.

ಪರದೆಯಲ್ಲಿ ಕಂಡವರು ಬಿಳಿಗೂದಲಿನ ಒಬ್ಬ ಹೆಣ್ಣುಮಗಳು. ಅವರ ಹಿಂದಿನ ಕಿಟಕಿಯಲ್ಲಿ ಮಳೆ ಬರುತ್ತಿತ್ತು. ಸಮ್ರೀನ ನಡುವೆ ಕೂತು ಅವರ ಮಾತನ್ನು ನಮಗೂ ನಮ್ಮದನ್ನು ಅವರಿಗೂ ಹೇಳುತ್ತಿದ್ದಳು.

"ಚಾಚಾ, ಈ ತಾರೀಖ್ ಯಾರ ಬರದಾರಂತ ಕೇಳಾಕತ್ತಾರ."

"ನಾ ಬರದೀನಿ ಅಂತ ಹೇಳವ್ವಾ."

"ವಯಸ್ಸು ಹ್ಯಾಂಗ ಗೊತ್ತಾಯಿತಂತ?"

ಲಾಲಪ್ಪ ಎದ್ದು ನಿಂತ. ವಿಶಾಖಾಳನ್ನು ಎದುರಿಗೆ ಕರೆದು, ಅವಳ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸಿ ತೋರಿಸಿದ. ಪರದೆಯ ಆ ಕಡೆಯ ಹೆಣ್ಣುಮಗಳು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ತೋರಿಸಲು ಹೇಳಿದರು. ಲಾಲಪ್ಪ ಇನ್ನೊಮ್ಮೆ ತೋರಿಸಿದ. ಕಾಗದದಲ್ಲಿ ಬರೆದದ್ದನ್ನು ಓದಿ ಕೂತುಬಿಡಬಹುದಿತ್ತು. ಅವನು ಕೂಡಲಿಲ್ಲ.

"ಇಕಿ ಸಾಲಿಗಿ ಸೇರಿದ ದಿನ ಕಿವಿ ಮುಟ್ಟಲಿಲ್ಲ" ಎಂದ. "ಎರಡ ಬಟ್ಟು ಕಡಿಮಿ ಬಿದ್ದಿತ್ತು. ನಾನೇ ಇಕಿ ತಲಿ ಹಿಡದು ಬಗ್ಗಸಿದೆ. ಬಗ್ಗಸಿದ ಮ್ಯಾಲ ಮುಟ್ಟಿತು. ತಪ್ಪ ಹುಡುಗೀದಲ್ಲ, ಇಕಿ ಕೈದಲ್ಲ. ತಲಿ ಹಿಡದ ಕೈದು."

ಸಮ್ರೀನ ಅದನ್ನು ಹಾಗೆಯೇ ಅನುವಾದಿಸಿದಳು. ವಿಶಾಖಾಳಿಗೂ ಇದು ಗೊತ್ತಿರಲಿಲ್ಲ. ಅವಳು ಅಜ್ಜನ ಮುಖವನ್ನೇ ನೋಡುತ್ತಿದ್ದಳು. ನಾನೂ, ಓದದೆ ಸಹಿ ಹಾಕಿದವನು ನಾನೆಂದು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದೆ.

ಆ ಹೆಣ್ಣುಮಗಳು ಬರೆದುಕೊಂಡರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ಸಮ್ರೀನ ತಡವರಿಸಿದಳು. "ಚಾಚಾ, ಬ್ಯಾರೆ ಮಕ್ಕಳದ್ದೂ ಹಿಂಗೇ ಬರದೀರೇನು ಅಂತ ಕೇಳಾಕತ್ತಾರ."

ನನ್ನ ಕಣ್ಣ ಮುಂದೆ ಮಹಾರುದ್ರಪ್ಪನವರ ಕೌದಿ ಬಂದು ನಿಂತಿತು. ಲಾಲಪ್ಪ ಶಾಲು ಸರಿಮಾಡಿಕೊಂಡ.

"ಅವರು ಕೇಳಿದ್ದು ಇಕಿ ತಾರೀಖು. ಇಕೀದು ಹೇಳೀನಿ. ಬಾಕಿ ಮಂದಿ ಅಲ್ಲಿಗಿ ಅರ್ಜಿ ಹಾಕಿದ ದಿನ ಅವರದೂ ಕೇಳ್ರಿ ಅಂತ ಹೇಳು. ಹೇಳ್ತೀನಿ."

ಸಮ್ರೀನ ಹೇಳಿದಳು. ಆ ಹೆಣ್ಣುಮಗಳು ಮೊದಲ ಸಲ ನಕ್ಕರು. ಕೊನೆಗೆ ಲಾಲಪ್ಪನ ನಿಜವಾದ ಹುಟ್ಟಿದ ದಿನ ಯಾವುದೆಂದು ಕೇಳಿದರು. "ನಮ್ಮವ್ವಗ ಗೊತ್ತಿತ್ತು" ಎಂದ ಲಾಲಪ್ಪ. "ಆಕಿ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ."

ಆರು ದಿನ ಕಳೆದು ಉತ್ತರ ಬಂತು. ಪಾಸ್‌ಪೋರ್ಟಿನ ತಾರೀಖನ್ನು ಶಾಲೆ ಒಪ್ಪಿಕೊಂಡಿತ್ತು. ಅಂಕಪಟ್ಟಿಯನ್ನು ಕೋರ್ಟಿನಿಂದ ತಿದ್ದಿಸಿ ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗುವಷ್ಟರಲ್ಲಿ ಒಪ್ಪಿಸಬೇಕೆಂದು ಬರೆದಿದ್ದರು. ಅದಕ್ಕೆ ಮೂರು ವರ್ಷ ಸಮಯವಿತ್ತು. ಹೈಸ್ಕೂಲಿಗೆ ಮೊದಲೇ ಹೋಗುವುದರಿಂದ ಇಂಥದೊಂದು ಲಾಭವೂ ಇದೆಯೆಂದು ಯಾವ ಕೋಚಿಂಗಿನವರೂ ಜಾಹೀರಾತು ಹಾಕುವುದಿಲ್ಲ: ಅಜ್ಜಂದಿರು ಮಾಡಿಟ್ಟ ತಪ್ಪನ್ನು ಸರಿಪಡಿಸಲು ಪುರಸತ್ತು ಸಿಗುತ್ತದೆ.

ಅಗಸ್ಟ್ ಕೊನೆಗೆ ವಿಶಾಖಾ ಹೊರಟಳು. ಹೈದರಾಬಾದಿಗೆ ಹೋಗುವ ಬಸ್ಸು ಹುಮನಾಬಾದ ಬಿಡುವವರೆಗೂ ದ್ರೌಪತಿ ಶೇಂಗಾ ಹಿಂಡಿಯ, ಎಂದರೆ ಚಟ್ನಿಪುಡಿಯ, ಡಬ್ಬಿಗಳನ್ನು ಕಿಟಕಿಯಿಂದ ಒಳಗೆ ಕೊಡುತ್ತಲೇ ಇದ್ದಳು.

ಒಂದು ತಿಂಗಳಾದ ಮೇಲೆ ಮಹಾರುದ್ರಪ್ಪನವರು ಲಾಲಪ್ಪನ ಕಟ್ಟೆಗೆ ಬಂದರು. ಈ ಸಲ ಪೇಢೆ ಅವರೇ ತಂದಿದ್ದರು.

"ಲಾಲಪ್ಪಾ, ಆ ಸಾಲಿಗಿ ಗಂಡು ಹುಡುಗ್ರನ್ನೂ ತೊಗೊಂತಾರೇನು? ನಮ್ಮ ವೀರಭದ್ರನ ಮಗ ಎಂಟನೇದಾಗ ಅದಾನ."

"ತೊಗೊಂತಾರಂತ್ರಿ."

ಮಹಾರುದ್ರಪ್ಪನವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅವನ ತಾರೀಖ್ ಹ್ಯಾಂಗ ಬರದೀ?"

"ಅವಾ ಸೇರೂದರಾಗ ನಾ ರಿಟಾಯರ್ ಆಗಿದ್ದೆರಿ. ಅವಂದು ಕಂಪ್ಯೂಟರ್ ಬರದದ. ಖರೇನೇ ಇರ್ತದ."

ಮಹಾರುದ್ರಪ್ಪನವರ ಜೀವ ಬಂದಲ್ಲಿಗೆ ಬಂತು. ಪೇಢೆಯ ಪೊಟ್ಟಣವನ್ನು ಪೂರ್ತಿ ಅಲ್ಲೇ ಬಿಟ್ಟು ಹೋದರು. ಹಿಂದೆಂದೂ ಹಾಗೆ ಮಾಡಿದವರಲ್ಲ.

ನವೆಂಬರ್ ಹದಿನಾಲ್ಕರಂದು ಸಂಜೆ ನಾನು ಅಲ್ಲಿದ್ದಾಗಲೇ ವಿಶಾಖಾಳ ಫೋನು ಬಂತು. ಹುಟ್ಟಿದ ದಿನವನ್ನು ಹುಟ್ಟಿದ ದಿನವೇ ಆಚರಿಸಿಕೊಂಡ ನಮ್ಮ ಶಾಲೆಯ ಮೊದಲ ವಿದ್ಯಾರ್ಥಿನಿ ಅವಳೇ ಇರಬೇಕು. ಇತಿಹಾಸದ ಪ್ರಬಂಧ ಎರಡು ಸಲ ವಾಪಸು ಬಂದಿದೆಯಂತೆ. ಮಾಸ್ತರರು ಬಾಜೂಕೆ ಕೂತು ತಿದ್ದಿಸಿದರಂತೆ. ಅಳುವುದು ಅರ್ಧ ಮುಗಿದಿದೆಯಂತೆ. ಶೇಂಗಾ ಹಿಂಡಿ ಮಾತ್ರ ಪೂರ್ತಿ ಮುಗಿದಿದೆಯಂತೆ.

"ಮುತ್ಯಾ, ನಿಮ್ಮ ಊರಿನ ಪದ್ಧತಿ ಏನರೆ ತೋರಸು ಅಂದ್ರು ಎಲ್ಲಾರೂ. ಎಲ್ಲಾರಿಗೂ ಸಾಲಾಗಿ ನಿಲ್ಲಿಸಿ ಕಿವಿ ಮುಟ್ಟಿಸಿದೆ. ಹದಿನಾಲ್ಕ ದೇಶದ ಹುಡುಗ್ರು."

"ಮುಟ್ಟಿತೇನು?"

"ಎಲ್ಲಾರ್ದೂ ಮುಟ್ಟಿತು."

"ನಿಂದು?"

"ಮುಟ್ಟಿತು. ಯಾರೂ ತಲಿ ಬಗ್ಗಸಲಿಲ್ಲ."

ಲಾಲಪ್ಪ ಫೋನನ್ನು ದ್ರೌಪತಿಯ ಕೈಗೆ ಕೊಟ್ಟು ಅಂಗಳಕ್ಕೆ ಹೋದ. ಕಣ್ಣು ಒರೆಸಿಕೊಳ್ಳಲು ಹೋಗಿರಬೇಕೆಂದು ನಾನು ಸ್ವಲ್ಪ ತಡೆದು ಹಿಂಬಾಲಿಸಿದೆ. ಅವನು ಗೋಡೆಯ ಕಡೆಗೆ ಮುಖಮಾಡಿ ನಿಂತು, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಲು ಹೆಣಗುತ್ತಿದ್ದ. ಭುಜದ ಕೀಲು ಹಿಡಿದುಕೊಂಡಿದೆ. ಬೆರಳು ನೆತ್ತಿ ದಾಟಿದವು, ಕಿವಿ ಮುಟ್ಟಲಿಲ್ಲ. ಎರಡು ಬೆರಳು ಕಡಿಮೆ ಬಿತ್ತು. ನಾನೂ ಬಾಜೂಕೆ ನಿಂತು ಪ್ರಯತ್ನಿಸಿದೆ. ನನ್ನದು ಮೂರು ಬೆರಳು ಕಡಿಮೆ.

"ಸರ್," ಎಂದ ಲಾಲಪ್ಪ, ಕೈ ಇಳಿಸಿ ಭುಜ ತಿಕ್ಕಿಕೊಳ್ಳುತ್ತ, "ಮುಂದಿನ ವರ್ಷ ಬರಬೇಕಾಗ್ತದ ನೋಡ್ರಿ ನಾವಿಬ್ಬರೂ."